ಉತ್ತರವು

ಸರ್ಕಾರದಿಂದ ತನ್ನ ಹೆಸರಿಗೇ ಬಂದ ಮೊದಲ ಕಾಗದಕ್ಕೆ ಕೃಷ್ಣರಾಜ ಗಾಜಿನ ಚೌಕಟ್ಟು ಹಾಕಿಸಿದ. ಚೌಕಟ್ಟಿನವನ ಕೈಗೆ ಕೊಡುವ ಮೊದಲೇ ಅವನ ಹೆಂಡತಿ ಬೇಬಿ, ಮದುವೆಯ ಕಾಗದಕ್ಕೆ ಇಡುವ ಹಾಗೆ, ಅದರ ನಾಲ್ಕು ಮೂಲೆಗೂ ಕುಂಕುಮ ಇಟ್ಟಿದ್ದಳು. ಮದ್ರಾಸಿನ ಗಿಂಡಿಯಲ್ಲಿ ಕಾರ್ಖಾನೆಗಳ ಹಿಂಬದಿಯ ಓಣಿಯಲ್ಲಿದ್ದ ಅವರ ಟಿಫಿನ್ ಅಂಗಡಿಯಲ್ಲಿ, ಕೊಲ್ಲೂರಿನ ಮೂಕಾಂಬಿಕೆಗೂ ತಿರುಪತಿಯ ತಿಮ್ಮಪ್ಪನಿಗೂ ನಡುವೆ, ಆ ಕಾಗದ ಒಂದು ತುಂಡು ಕನಕಾಂಬರ ಮುಡಿದುಕೊಂಡು ಇಪ್ಪತ್ತೆಂಟು ದಿನ ಗೋಡೆಯ ಮೇಲಿತ್ತು. ಅದು ಅಂಗಡಿ ಮುಚ್ಚಬೇಕೆಂಬ ಆದೇಶ ಎಂದು ಅವರಿಗೆ ಗೊತ್ತಾದದ್ದು ಇಪ್ಪತ್ತೆಂಟನೆಯ ದಿನ.

ನಗುವವರು ನಗಬಹುದು. ಆದರೆ ಕೃಷ್ಣರಾಜ ಪೆದ್ದನಲ್ಲ. ಕುಂದಾಪುರ ತಾಲೂಕಿನ ಮಾರಣಕಟ್ಟೆಯ ಕಡೆಯವನು. ಏಳನೇ ಕ್ಲಾಸು ಮುಗಿಸಿ ಮದ್ರಾಸಿಗೆ ಬಂದು, ಕ್ರೋಂಪೇಟೆ, ಮೈಲಾಪುರದ ಹೋಟೆಲುಗಳಲ್ಲಿ ಎಲೆ ಎತ್ತಿ, ನೀರಿಟ್ಟು, ಸಪ್ಲೈ ಮಾಡಿ, ಕಡೆಗೆ ದೋಸೆ ಹೊಯ್ಯುವವನಾಗಿ ಹದಿನೆಂಟು ವರ್ಷ ಕಳೆದಿದ್ದ. ಸ್ವಂತ ಅಂಗಡಿ ಇಟ್ಟದ್ದು ತೊಂಬತ್ತೆಂಟರಲ್ಲಿ. ಊರ ದೇವರ ನೆನಪಿಗೆ ‘ಮಾರಣಕಟ್ಟೆ ಟಿಫಿನ್ಸ್’ ಎಂದು ಹೆಸರಿಡಬೇಕೆಂದಿದ್ದ. ಬೋರ್ಡು ಬರೆಯುವವನು ಕುಂಚ ಕೆಳಗಿಟ್ಟು, “ಸಾರ್, ಮರಣ ಅಂತ ಓದಿಕೊಂಡು ಯಾರು ಇಡ್ಲಿ ತಿನ್ನೋಕೆ ಬರ್ತಾರೆ?” ಎಂದು ತಮಿಳಿನಲ್ಲಿ ಕೇಳಿದ. ಹಾಗಾಗಿ ಅದು ‘ಶ್ರೀ ಬ್ರಹ್ಮಲಿಂಗ ಟಿಫಿನ್ಸ್’ ಆಯಿತು. ಎರಡು ಭಾಷೆಯ ನಡುವೆ ಕಾಲು ಜಾರುವ ಜಾಗಗಳಿವೆ ಎಂದು ಆವತ್ತೇ ಅವನಿಗೆ ಗೊತ್ತಾಗಬೇಕಿತ್ತು.

ತಮಿಳು ಮಾತಾಡಿದರೆ ಅವನು ಆ ಊರಿನವನಲ್ಲ ಎಂದು ಯಾರೂ ಹೇಳುತ್ತಿರಲಿಲ್ಲ. ಓದುವುದು ಮಾತ್ರ ಬಸ್ಸಿನ ಬೋರ್ಡು ನೋಡಿ ಕಲಿತ ಓದು. ಒಂದೊಂದೇ ಅಕ್ಷರ ಹೆಕ್ಕಿ ಜೋಡಿಸಬೇಕು. ಜೋಡಿಸುವಷ್ಟರಲ್ಲಿ ಬಸ್ಸು ಹೋಗಿರುತ್ತದೆ.

ಅಂಗಡಿಯ ಲೈಸೆನ್ಸು ಮೊದಲಿನ ಬಾಡಿಗೆದಾರನ ಹೆಸರಿನಲ್ಲಿತ್ತು. ಅದನ್ನು ತನ್ನ ಹೆಸರಿಗೆ ಮಾಡಿಕೊಡಿ ಎಂದು ಎರಡು ಸಾವಿರದ ಮೂರರ ಮಾರ್ಚಿನಲ್ಲಿ ಅವನು ಅರ್ಜಿ ಕೊಟ್ಟ. ಐದು ತಿಂಗಳು ಸುದ್ದಿಯಿಲ್ಲ. ಆಗಸ್ಟಿನ ಮೊದಲ ವಾರ ಒಬ್ಬ ಸೈಕಲ್ಲಿನಲ್ಲಿ ಬಂದು, ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡು, ಒಂದು ಕಾಗದ ಕೊಟ್ಟುಹೋದ. ಗಿರಾಕಿಗಳ ಗಲಾಟೆ ಇಳಿದ ಮೇಲೆ ಕೃಷ್ಣರಾಜ ಸೌಟು ಕೆಳಗಿಟ್ಟು ಓದಿದ. ತನ್ನ ಹೆಸರು ಸಿಕ್ಕಿತು. ಅಂಗಡಿಯ ಹೆಸರು ಸಿಕ್ಕಿತು. ಮೇಲೆ ದಪ್ಪಕ್ಷರದಲ್ಲಿ ಒಂದು ಮಾತು: ಉ-ತ್ತ-ರ-ವು.

“ಉತ್ತರ ಬಂತ್!” ಎಂದ.

“ಎಂತ ಬರ್ದಿತ್ತ್?” ಎಂದಳು ಬೇಬಿ. ಚಟ್ನಿಗೆ ತೆಂಗಿನಕಾಯಿ ತುರಿಯುತ್ತಿದ್ದವಳು ತಲೆ ಎತ್ತಲಿಲ್ಲ.

“ಉತ್ತರ ಅಂದೇಳಿ ಬರ್ದಿತ್ತ್. ನಮ್ ಅರ್ಜಿಗೆ ಉತ್ತರ. ಕೆಳ್ಗೆ ಮೂವತ್ತ್ ದಿನ ಅಂದೇಳಿತ್ತ್. ಮೂವತ್ತ್ ದಿನದಾಗೆ ಲೈಸೆನ್ಸ್ ಬತ್ತ್.”

“ತಮಿಳಂಗೆ ಉತ್ತರಕ್ಕೆ ಬದಿಲ್ ಅಂತ್ರಲೆ?”

ಅದು ಅವನಿಗೂ ಗೊತ್ತಿತ್ತು. ಒಂದು ಗಳಿಗೆ ಯೋಚಿಸಿದ. “ಬದಿಲ್ ಅಂಬುದ್ ನಮ್ಮ ನಿಮ್ಮಂತವ್ರ್ ಹೇಳುದ್. ಸರ್ಕಾರ ಹಾಂಗೆ ಹೇಳತ್ತಾ? ಸರ್ಕಾರದ್ ಮಾತ್ ಅಂದ್ರೆ ಸ್ವಲ್ಪ ದೊಡ್ದ್ ಇರತ್ತ್.”

“ಯಾರತ್ರಾರೂ ಓದ್ಸಿ ಕಾಣಿ.”

“ಓದ್ಸುದೆಂತಕ್ಕೆ? ನಂಗ್ ಕಣ್ಣಿಲ್ಯಾ?”

ಮಾತು ಅಲ್ಲಿಗೆ ಮುಗಿಯಿತು. ಕಾಗದ ಗೋಡೆ ಏರಿತು. ದಿನಕ್ಕೆ ನೂರು ಜನ ಬಂದು ತಿಂದು ಹೋಗುವ ಅಂಗಡಿ. ಅದರಲ್ಲಿ ತೊಂಬತ್ತು ಜನಕ್ಕೆ ತಮಿಳು ಓದಲು ಬರುತ್ತಿತ್ತು. ಒಬ್ಬರೂ ಓದಲಿಲ್ಲ. ಹೂವು ಮುಡಿಸಿದ ಕಾಗದವನ್ನು ಜನ ಓದುವುದಿಲ್ಲ, ಕೈ ಮುಗಿಯುತ್ತಾರೆ.

ಅದರ ನೇರ ಕೆಳಗಿನ ಮೇಜು ಮೌನಳದು. ಮಂಡ್ಯದ ಹುಡುಗಿ, ಮೈಸೂರಿನಲ್ಲಿ ಕಾನೂನು ಓದಿದವಳು. ಗಿಂಡಿಯ ಒಂದು ಕಂಪನಿಯಲ್ಲಿ ಕರಾರುಪತ್ರ ಬರೆಯುವ ಕೆಲಸ, ಹತ್ತಿರದ ಮಹಿಳೆಯರ ಹಾಸ್ಟೆಲಿನಲ್ಲಿ ವಾಸ. ಊರಿಗೆ ಮರಳಿ ಸಿವಿಲ್ ನ್ಯಾಯಾಧೀಶೆಯಾಗಬೇಕೆಂದು ಪರೀಕ್ಷೆಗೆ ಓದುತ್ತಿದ್ದಳು. ಹಾಸ್ಟೆಲಿನ ಲೈಬ್ರರಿ ಎಂದರೆ ಎರಡು ಬೀರು; ಅದರಲ್ಲಿ ಸಿಕ್ಕಿದ, ಇತಿಹಾಸ ಮತ್ತು ಸರ್ಕಾರದ ಬಗ್ಗೆ ಮೂಲ ಪ್ರಶ್ನೆಗಳ ಒಂದು ಹಳೆಯ ಗೈಡು ಹಿಡಿದುಕೊಂಡು ಬೆಳಿಗ್ಗೆ ಎಂಟಕ್ಕೆ ಬರುವಳು. ದೋಸೆ ಕಾವಲಿಯಿಂದ ಮೇಲೇಳುವವರೆಗೆ ಕೃಷ್ಣರಾಜನಿಗೆ ಪರೀಕ್ಷೆ. ಹೆಸರು ಮೌನ, ಬಾಯಿಗೆ ಬಿಡುವಿಲ್ಲ. “ನಿಮ್ಗೆ ಹೆಸ್ರಿಟ್ಟವ್ರನ್ನ ಒಂದ್ಸಲ ಕಾಣ್ಕಿತ್ತ್” ಎಂದು ಬೇಬಿ ಹಂಗಿಸುವಳು.

“ಕೃಷ್ಣಣ್ಣ, ಕಾನೂನು ಮಾಡೋರು ಯಾರು?”

“ಪೊಲೀಸ್ರ್.”

“ಅವರು ಜಾರಿ ಮಾಡೋರು. ಮಾಡೋರು ಯಾರು?”

“ನಮ್ ಓಣಿಯಂಗೆ ಎಲ್ಲಾ ಅವ್ರೇ ಮಾಡುದ್ ಮೇಡಮ್ರೆ.”

“ತಪ್ಪು. ರಾಜ್ಯ ಆಳೋದು ಯಾರು?”

“ಅರಸು.”

“ಅಯ್ಯೋ! ಅರಸು ಹೋಗಿ ಐವತ್ತು ವರ್ಷ ಆಯ್ತು.”

“ನಿಮ್ಮ ಮೈಸೂರಂಗೆ ಹೋಯ್ರ್. ಇಲ್ಲಿ ಬಸ್ಸ್ ಓಡ್ಸ್ತಾ ಇದ್ರ್. ಬೋರ್ಡ್ ಕಾಣಿ, ತಮಿಳ್ನಾಡು ಅರಸು ಅಂದೇಳಿ ಬರ್ದಿತ್ತ್.”

ತಮಿಳಿನ ಅರಸು ಎಂದರೆ ಸರ್ಕಾರ ಎಂದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಗೊತ್ತಿರುವುದು ಬೇರೆ, ಮನಸ್ಸಿನಲ್ಲಿ ಕುಳಿತಿರುವುದು ಬೇರೆ. ಬಸ್ಸಿನ ಮೇಲೆ ಆ ಮಾತು ಕಂಡಾಗಲೆಲ್ಲ ಅವನಿಗೆ ಪೇಟ ಕಟ್ಟಿ ಮೀಸೆ ಬಿಟ್ಟ ಒಬ್ಬ ಮನುಷ್ಯ ಕಾಣುತ್ತಿದ್ದ. ಅವನ ಮುಂದೆ ನಾವು ಬಗ್ಗಿ ನಿಲ್ಲುವುದು, ಅವನು ಕೊಟ್ಟರೆ ಕೊಟ್ಟ, ಇಲ್ಲದಿದ್ದರೆ ಇಲ್ಲ.

“ಸರಿ, ಇದು ಕೊನೇದು. ಕಾನೂನಿನ ಆಳ್ವಿಕೆ ಅಂದ್ರೇನು?” ಮೌನ ತಾನೇ ಓದಿ ಹೇಳಿದಳು. “ಆಳೋನೂ ಕಾನೂನಿನ ಕೆಳಗೇ ಇರಬೇಕು. ಯಾರಿಗಾದ್ರೂ ಶಿಕ್ಷೆ ಕೊಡೋಕೆ ಮೊದಲು ಅವನ ಮಾತು ಕೇಳಲೇಬೇಕು.”

“ಪುಸ್ತಕದಾಗೆ ಎಲ್ಲಾ ಚೆಂದ ಇರತ್ತ್.”

“ನಿಮ್ಮ ಬೋರ್ಡಲ್ಲೂ ಮಸಾಲೆದೋಸೆಗೆ ಎರಡು ಚಟ್ನಿ ಅಂತಿದೆ.”

ಗೋಡೆಯ ಕಾಗದವನ್ನು ತೋರಿಸಿ ಅವಳೂ ಒಮ್ಮೆ ಕೇಳಿದ್ದಳು. ಸರ್ಕಾರದ ಉತ್ತರ ಎಂದು ಕೃಷ್ಣರಾಜ ಹೇಳಿದ. ಅವಳಿಗೆ ತಮಿಳಿನ ಒಂದಕ್ಷರ ಬಾರದು. ಒಳ್ಳೆಯದಾಯಿತು ಎಂದಳು.

ಇಪ್ಪತ್ತೆಂಟನೆಯ ದಿನ ಬಾಬು ಒಳಗೆ ಬಂದು ಕುಳಿತ. ಬಾಬು ಪಕ್ಕದ ಲೇಥ್ ಕಾರ್ಖಾನೆಯ ಟರ್ನರ್, ತಮಿಳಿನವನು. ದಿನವೂ ಹೊರಗೆ ನಿಂತೇ ಕಾಫಿ ಕುಡಿದು ಹೋಗುವವನು. ಆವತ್ತು ಕಾಲಿಗೆ ಕಬ್ಬಿಣದ ತುಂಡು ಬಿದ್ದು ನೋವಾಗಿತ್ತು ಎಂದು ಕುಳಿತ. ಎದುರಿಗೆ ದೇವರು. ದೇವರ ನಡುವೆ ಕಾಗದ. ಮಾಡಲು ಬೇರೆ ಕೆಲಸವಿಲ್ಲದೆ ಓದಿದ. ಇನ್ನೊಮ್ಮೆ ಓದಿದ. ಕಾಫಿ ಲೋಟ ಮೇಜಿನ ಮೇಲಿಟ್ಟ.

“ಅಣ್ಣೇ, ಕಡೈಯ ಮೂಡ ಸೊಲ್ಲಿ ಉತ್ತರವು ಪೋಟ್ಟಿರುಕ್ಕಾಂಗ. ನೀಂಗ ಅದುಕ್ಕು ಪೂ ಪೋಟ್ಟಿರುಕ್ಕೀಂಗ!”

ಅಂಗಡಿ ಮುಚ್ಚು ಎಂದು ಆರ್ಡರ್ ಹಾಕಿದ್ದಾರೆ, ನೀವು ಅದಕ್ಕೆ ಹೂ ಹಾಕಿದ್ದೀರಿ! ಉತ್ತರವು ಎಂದರೆ ತಮಿಳಿನಲ್ಲಿ ಉತ್ತರವಲ್ಲ, ಆದೇಶ.

ಕಾವಲಿಯ ಮೇಲಿದ್ದ ದೋಸೆ ಕರಟಿತು. ಇಷ್ಟು ವರ್ಷದಲ್ಲಿ ಕೃಷ್ಣರಾಜ ದೋಸೆ ಕರಟಲು ಬಿಟ್ಟದ್ದು ಬಹುಶಃ ಅದೊಂದೇ ಸಲ.

ಬೇಬಿ ಸ್ಟೂಲು ಹತ್ತಿ ಚೌಕಟ್ಟು ಇಳಿಸಿದಳು. ಹೂವು ಕಿತ್ತು ಪಕ್ಕಕ್ಕಿಟ್ಟಳು. ಮೌನ ಗೈಡು ಮುಚ್ಚಿ, “ಪೂರ್ತಿ ಓದೋಕೆ ಹೇಳಿ ಅವರಿಗೆ. ಒಂದೊಂದೇ ಸಾಲು” ಎಂದಳು.

ಹಾಗೆ ಮೂವರೂ ಒಂದು ಕಾಗದ ಓದಿದರು. ಅಕ್ಷರ ಬಲ್ಲವನು ಬಾಬು, ಎರಡೂ ಮಾತು ಬಲ್ಲವನು ಕೃಷ್ಣರಾಜ, ಕಾನೂನು ಬಲ್ಲವಳು ಮೌನ. ಒಬ್ಬರು ಎದ್ದುಹೋದರೂ ಆ ಓದು ನಿಲ್ಲುತ್ತಿತ್ತು. ಬಾಬು ಓದಿದ್ದನ್ನು ಕೃಷ್ಣರಾಜ ಕನ್ನಡಕ್ಕೆ ತಿರುಗಿಸಿದ. ಅಂಗಡಿಯ ಕೊಳಚೆ ನೀರು ರಸ್ತೆಗೆ ಹರಿಯುತ್ತಿದೆ ಎಂದು ದೂರು ಬಂದಿದೆ. ಅಧಿಕಾರಿ ಸ್ಥಳ ನೋಡಿದ್ದಾರೆ. ಅರ್ಜಿ ತಿರಸ್ಕರಿಸಲಾಗಿದೆ. ಮೂವತ್ತು ದಿನದೊಳಗೆ ಅಂಗಡಿ ಮುಚ್ಚಬೇಕು. ಮುಚ್ಚದಿದ್ದರೆ ಬೀಗಮುದ್ರೆ. ತನ್ನ ಅಂಗಡಿಗೆ ಬೀಳಲಿರುವ ಬೀಗವನ್ನು ಅವನು ತನ್ನ ಬಾಯಿಂದಲೇ ಹೇಳಬೇಕಾಯಿತು. ಕಡೆಯ ಸಾಲಿನಲ್ಲಿ ಬಂದ ‘ಮೇಲ್ಮುರೈಯೀಡು’ ಎಂಬ ಮಾತಿಗೆ ಅವನ ಬಳಿ ಕನ್ನಡ ಇರಲಿಲ್ಲ.

“ಅದಾನ್ ಅಣ್ಣೇ, ಅಪೀಲ್” ಎಂದ ಬಾಬು.

“ಅಪೀಲಾ?” ಮೌನ ಕುರ್ಚಿಯ ತುದಿಗೆ ಬಂದಳು. “ಎಷ್ಟು ದಿನದೊಳಗೆ?”

“ಅದೇ ಮೂವತ್ತ್” ಎಂದ ಕೃಷ್ಣರಾಜ, ಬಾಬುವನ್ನು ಕೇಳಿ.

ಇನ್ನೆರಡು ದಿನ.

“ಕೃಷ್ಣಣ್ಣ, ಸರಿಯಾಗಿ ಯೋಚನೆ ಮಾಡಿ ಹೇಳಿ. ಇದಕ್ಕೆ ಮೊದಲು ಬೇರೆ ಕಾಗದ ಬಂದಿತ್ತಾ? ನಿಮ್ಮ ಅಂಗಡಿ ಯಾಕೆ ಮುಚ್ಚಬಾರದು ಹೇಳಿ ಅಂತ?”

“ಇಲ್ಲೆ.”

“ಯಾರಾದ್ರೂ ಬಂದಿದ್ರಾ?”

“ಒಬ್ರ್ ಬಂದಿದ್ರ್. ಓಣಿಯಂಗೆ ನಿಂತ್ಕಂಡ್ ಎಂತದೋ ಬರ್ಕಂಡ್ರ್. ಕಾಫಿ ಬೇಕಾ ಕೇಂಡೆ. ಬೇಡ ಅಂದ್ರ್.”

“ನೀವು ಅವರನ್ನ ಕೇಳಿದ್ರಿ. ಅವರು ನಿಮ್ಮನ್ನ ಏನಾದ್ರೂ ಕೇಳಿದ್ರಾ?”

“ಇಲ್ಲೆ.”

“ಹಂಗಾದ್ರೆ ಅಪೀಲ್ ಹಾಕಣ. ಕೇಳದೆ ಮುಚ್ಚಿಸೋ ಹಂಗಿಲ್ಲ. ಈಗ ಇನ್ನೊಂದು ಪ್ರಶ್ನೆ. ಆ ನೀರು ನಿಮ್ಮದಾ?”

ಕೃಷ್ಣರಾಜ ಹಿಂದಿನ ಗೋಡೆಯತ್ತ ಕೈ ತೋರಿಸಿದ. ಗೋಡೆಯಾಚೆ ಲೋಹಕ್ಕೆ ಮೆರುಗು ಹಾಕುವ ಒಂದು ಸಣ್ಣ ಶೆಡ್ಡಿತ್ತು. ಅಲ್ಲಿಂದ ನೀಲಿ ನೀರು ಬಂದು ಓಣಿಯಲ್ಲಿ ನಿಲ್ಲುವುದನ್ನು ಎಲ್ಲರೂ ಕಂಡಿದ್ದರು. “ಅವ್ರದ್ದ್. ಎಲ್ಲಾ ಅವ್ರದ್ದೇ.”

“ಪಾತ್ರೆ ತೊಳ್ದ ನೀರ್ ನಮ್ದ್” ಎಂದಳು ಬೇಬಿ.

“ಹೆಣೇ!” ಎಂದು ಕೃಷ್ಣರಾಜ ಹೆಂಡತಿಯನ್ನು ಗದರಿದ.

“ಎಂತ ಹೆಣೇ? ಪೊಂಗಲ್ ಟೈಮಿಗೆ ಪೈಪ್ ಒಡ್ದದ್. ಸರಿ ಮಾಡ್ಸಿ, ಸರಿ ಮಾಡ್ಸಿ ಅಂದೇಳಿ ನನ್ ಬಾಯಿ ಒಣ್ಗಿತ್. ಕಾಗದಕ್ಕೆ ಚೌಕಟ್ಟ್ ಹಾಕ್ಸುಕೆ ಪುರ್ಸೊತ್ತಿತ್ತ್ ನಿಮ್ಗೆ.”

ಕೃಷ್ಣರಾಜ ಮೌನಳ ಮುಖ ನೋಡಿದ. ಮುಗಿಯಿತು ಎಂದುಕೊಂಡ. ತಪ್ಪು ಇದೆ ಎಂದ ಮೇಲೆ ಅಪೀಲು ಎಲ್ಲಿಯದು? ಅವಳು ಮಾತ್ರ ಆಗಲೇ ಗೈಡಿನ ಹಿಂದಿನ ಖಾಲಿ ಹಾಳೆಯಲ್ಲಿ ಬರೆಯತೊಡಗಿದ್ದಳು.

“ತಪ್ಪು ಮಾಡಿದವನ ಮಾತೂ ಕೇಳಬೇಕು ಕಣಣ್ಣ. ತಪ್ಪು ಮಾಡದವನ ಮಾತು ಯಾರು ಬೇಕಾದ್ರೂ ಕೇಳ್ತಾರೆ. ನೀವು ಸುಳ್ಳು ಹೇಳ್ಬೇಡಿ, ಅಷ್ಟೆ.” ಸ್ವಲ್ಪ ತಡೆದು, “ಇಪ್ಪತ್ತೆಂಟು ದಿನ ಇದರ ಕೆಳಗೇ ಕೂತು ನಿಮಗೆ ಕಾನೂನು ಪಾಠ ಹೇಳಿದ್ದೀನಿ. ನಂಗೆ ನಾಚಿಕೆ ಆಗ್ತಿದೆ” ಎಂದಳು.

ಆವತ್ತು ಓಣಿಯಲ್ಲಿ ಸಲಹೆಗಳ ಸಂತೆ ನೆರೆಯಿತು. ಎದುರಿನ ಜೆರಾಕ್ಸ್ ಅಂಗಡಿಯ ಸೀತಾರಾಮ ಯಾರನ್ನಾದರೂ ದೊಡ್ಡವರನ್ನು ಹಿಡಿಯಿರಿ ಎಂದ. ಯಾವ ದೊಡ್ಡವರು ಎಂದರೆ ಅವನಿಗೂ ಗೊತ್ತಿಲ್ಲ. ಒಬ್ಬರು ಊರಿಗೆ ಹರಕೆ ಹೇಳಿಕೊಳ್ಳಿ ಎಂದರು. ಬೇಬಿ ಹರಕೆಯನ್ನೂ ಹೇಳಿಕೊಂಡಳು; ಅದಕ್ಕೆ ಅಪೀಲಿನ ಅಡ್ಡಿಯೇನಿಲ್ಲ. ಮೌನ ಮಧ್ಯಾಹ್ನ ಆಫೀಸಿನಲ್ಲೇ ಇಂಗ್ಲಿಷಿನಲ್ಲಿ ಒಂದೂವರೆ ಪುಟ ಟೈಪು ಮಾಡಿ ತಂದಳು. ಮಾರನೆಯ ಬೆಳಿಗ್ಗೆ ಕೃಷ್ಣರಾಜ ಅದನ್ನು ಕಚೇರಿಗೆ ಕೊಟ್ಟು, ನಕಲಿನ ಮೇಲೆ ಮೊಹರು ಹಾಕಿಸಿಕೊಂಡು ಬಂದ. ಮೊಹರು ಇಲ್ಲದೆ ಹಿಂದಿರುಗಬೇಡಿ ಎಂದು ಅವಳು ಮೂರು ಸಲ ಹೇಳಿದ್ದಳು. ಹನ್ನೊಂದು ದಿನದ ನಂತರ ವಿಚಾರಣೆ. ಅಲ್ಲಿಯವರೆಗೆ ಬೀಗ ಹಾಕುವ ಹಾಗಿಲ್ಲ.

ಆ ಹನ್ನೊಂದು ದಿನ ಕೃಷ್ಣರಾಜ ಸರಿಯಾಗಿ ಉಣ್ಣಲಿಲ್ಲ. ಬೇರೆಯವರಿಗೆ ಬಡಿಸಿದ, ಅದು ನಿಲ್ಲಲಿಲ್ಲ. ಮೂವತ್ತಾರು ವಯಸ್ಸಿನಲ್ಲಿ ಮತ್ತೆ ಇನ್ನೊಬ್ಬರ ಕಾವಲಿಯ ಮುಂದೆ ನಿಲ್ಲುವುದು ಹೇಗಿರುತ್ತದೆ ಎಂದು ಅವನು ಯೋಚಿಸುತ್ತಿದ್ದ. ನಿಲ್ಲಬಹುದು, ಸಾಯುವುದಿಲ್ಲ. ಆದರೆ ಬೇಬಿಗೆ ಯಾರೂ ಕೆಲಸ ಕೊಡುವುದಿಲ್ಲ. ಅವಳು ಊರಿಗೆ ಹೋಗಿ ಅಣ್ಣನ ಮನೆಯ ಜಗುಲಿಯಲ್ಲಿ ಇರಬೇಕು. ಐದು ವರ್ಷ ಇಬ್ಬರೂ ಒಂದೇ ಸೂರಿನಡಿ ದುಡಿದದ್ದು ಅಲ್ಲಿಗೆ ಮುಗಿಯಿತು.

ವಿಚಾರಣೆಗೆ ಗಂಡ ಹೆಂಡತಿ ಇಬ್ಬರೇ ಹೋದರು. “ನಾನು ಈ ಊರಿನ ವಕೀಲೆ ಅಲ್ಲ, ಬಂದ್ರೂ ಹೊರಗೆ ಬೆಂಚಿನ ಮೇಲೆ ಕೂರಬೇಕು. ಮಾತಾಡ್ಬೇಕಾದೋರು ನೀವು” ಎಂದಿದ್ದಳು ಮೌನ. ಸೀತಾರಾಮ ಮಾತ್ರ, ಅವರು ಹೊರಡುವಾಗ, ಅಂಗಡಿಯ ಬಾಗಿಲವರೆಗೆ ಬಂದು ಕಿವಿಯಲ್ಲಿ ಹೇಳಿದ: “ನೀರು ನಮ್ಮದಲ್ಲ ಅಂತ ಹೇಳಿಬಿಡಿ. ನೀಲಿ ನೀರು ಎಲ್ಲರೂ ನೋಡಿದ್ದಾರೆ. ಯಾರು ಬಂದು ಬೇರೆ ಮಾಡಿ ನೋಡ್ತಾರೆ?”

ಮೇಲಧಿಕಾರಿಯ ಹೆಸರು ಸುಗುಣಾ. ಐವತ್ತರ ಆಸುಪಾಸಿನ ಹೆಂಗಸು, ಕನ್ನಡಕಕ್ಕೆ ಸರಪಳಿ. ಕೃಷ್ಣರಾಜ ಒಳಗೆ ಕಾಲಿಟ್ಟವನೇ ಸೊಂಟ ಬಗ್ಗಿಸಿ ಕೈ ಮುಗಿದ. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಮಾತೆಲ್ಲ ಮರೆತು, “ಅಮ್ಮಾ, ನೀಂಗದಾನ್ ಅರಸು” ಎಂದುಬಿಟ್ಟ. ನೀವೇ ಅರಸು.

“ನಾನು ಅರಸಲ್ಲ, ಅರಸಿನ ಸಂಬಳ ತಗೊಳ್ಳೋಳು. ಉಕ್ಕಾರುಂಗ” ಎಂದು ಕುರ್ಚಿ ತೋರಿಸಿದರು. ಅವನು ಕುಳಿತುಕೊಳ್ಳಲಿಲ್ಲ. ಅವರು ಪೆನ್ನು ಕೆಳಗಿಟ್ಟು ಕಾದರು. ಅವನು ಕುಳಿತ ಮೇಲೆ, ಪಕ್ಕದ ಕುರ್ಚಿಯಲ್ಲಿ ಬೇಬಿಯೂ ಕುಳಿತ ಮೇಲೆ, ಫೈಲು ತೆರೆದರು. ಅಪೀಲಿನ ಜೊತೆಗೆ ಚೌಕಟ್ಟಿನಿಂದ ಬಿಡಿಸಿ ಕೊಟ್ಟಿದ್ದ ಮೂಲ ಆದೇಶವಿತ್ತು.

“ಇದೇನು ಮೂಲೆಯಲ್ಲಿ ಕೆಂಪು? ರಕ್ತವಾ?”

“ಕುಂಕುಮ ಅಮ್ಮಾ.”

“ನಮ್ಮ ಆರ್ಡರಿಗೆ ಯಾಕೆ ಕುಂಕುಮ?”

ಹೇಳದೆ ಬೇರೆ ದಾರಿಯಿರಲಿಲ್ಲ. ಉತ್ತರವು ಎಂದರೆ ಕನ್ನಡದ ಉತ್ತರ ಎಂದುಕೊಂಡದ್ದು, ಚೌಕಟ್ಟು ಹಾಕಿಸಿದ್ದು, ಹೂವು, ಬಾಬು, ಎಲ್ಲವನ್ನೂ ಹೇಳಿದ. ಬಾಗಿಲ ಬಳಿ ನಿಂತಿದ್ದ ಗುಮಾಸ್ತ ಬಾಯಿಗೆ ಕೈ ಅಡ್ಡ ಹಿಡಿದ. ಸುಗುಣಾ ನಗಲಿಲ್ಲ. ಕಾಗದವನ್ನು ತಿರುಗಿಸಿ ನೋಡಿ, “ಈ ಉತ್ತರವು ಹಾಕುವ ಮೊದಲು ನಿಮ್ಮ ಬದಿಲ್ ಕೇಳಿದ್ದರಾ?” ಎಂದರು.

“ಇಲ್ಲ ಅಮ್ಮಾ.”

ಅವರು ಗುಮಾಸ್ತನ ಕಡೆ ತಿರುಗಿದರು. ಗುಮಾಸ್ತ ಈಗ ನಗುತ್ತಿರಲಿಲ್ಲ. ಫೈಲಿನ ಹಾಳೆಗಳನ್ನು ಹಿಂದೆ ಮುಂದೆ ಮಗುಚಿದ. ದೂರಿನ ಕಾಗದವಿತ್ತು, ಸ್ಥಳ ನೋಡಿದ ವರದಿಯಿತ್ತು. “ನೋಟಿಸ್ ಕಾಣ್ತಿಲ್ಲ ಮೇಡಂ” ಎಂದ.

“ಕಾಣ್ತಿಲ್ಲವಾ, ಕೊಟ್ಟಿಲ್ಲವಾ?”

“ಕೊಟ್ಟಿಲ್ಲ ಮೇಡಂ.”

ಅವರು ಅದನ್ನು ಬರೆದುಕೊಂಡರು. ಆಮೇಲೆ ತಲೆ ಎತ್ತಿ, “ಅವರು ಕೇಳಲಿಲ್ಲ. ನಾನು ಕೇಳ್ತೇನೆ. ನೀರು ನಿಮ್ಮದಾ? ಸೊಲ್ಲುಂಗ” ಎಂದರು.

ಕೃಷ್ಣರಾಜನ ಬಾಯಿಯ ತುದಿಯಲ್ಲಿ ಸೀತಾರಾಮನ ಮಾತಿತ್ತು. ಅಲ್ಲ ಎಂದರೆ ಸಾಕು. ಆ ಹೆಂಗಸು ಅವನನ್ನೇ ನೋಡುತ್ತಿದ್ದರು, ಕೋಪವಿಲ್ಲದೆ, ಅವಸರವಿಲ್ಲದೆ. ಅವನು ಹೇಳಿದ್ದನ್ನು ಬರೆದುಕೊಳ್ಳಲು ಪೆನ್ನು ಹಿಡಿದು ಕಾಯುತ್ತಿದ್ದರು. ಮಾಲೀಕರು, ಗಿರಾಕಿಗಳು, ಮನೆ ಬಾಡಿಗೆಗೆ ಕೊಟ್ಟವರು ಅವನನ್ನು ಬಹಳ ಸಲ ಪ್ರಶ್ನೆ ಕೇಳಿದ್ದಾರೆ. ಅವನ ಉತ್ತರಕ್ಕೆ ಕಾದವರು ಯಾರೂ ನೆನಪಾಗಲಿಲ್ಲ. ಕಾದು ಕುಳಿತವರಿಗೆ ಸುಳ್ಳು ಹೇಳುವುದು ಅವನಿಗೆ ಕಷ್ಟವಾಯಿತು.

“ಪಾತ್ರೆ ತೊಳೆದ ನೀರು ನಮ್ಮದು ಅಮ್ಮಾ. ಪೊಂಗಲಿನಲ್ಲಿ ಪೈಪು ಒಡೆದಿತ್ತು. ಸರಿ ಮಾಡಿಸದೇ ಇದ್ದದ್ದು ನನ್ನ ತಪ್ಪು. ನೀಲಿ ನೀರು ನಮ್ಮದಲ್ಲ. ಇಡ್ಲಿ ಮಾಡುವವನ ಹತ್ತಿರ ನೀಲಿ ನೀರು ಎಲ್ಲಿಂದ ಬರುತ್ತದೆ?”

“ಸರಿ ಮಾಡಿಸಲು ಎಷ್ಟು ದಿನ ಬೇಕು?”

ಈ ಪ್ರಶ್ನೆ ಬರುತ್ತದೆಂದು ಅವನು ಎಣಿಸಿರಲಿಲ್ಲ. “ಒಂದು ವಾರ” ಎಂದ.

ಬೇಬಿ ಮೊಣಕೈಯಿಂದ ತಿವಿದಳು. “ಒಂದ್ ವಾರದಾಗೆ ಹ್ಯಾಂಗ್ ಆತ್ತ್? ಇಪ್ಪತ್ತ್ ದಿನ ಕೇಣಿ.”

“ಅವರೇನು ಹೇಳ್ತಿದ್ದಾರೆ?” ಎಂದರು ಸುಗುಣಾ.

“ಇಪ್ಪತ್ತು ದಿನ ಬೇಕಂತೆ ಅಮ್ಮಾ.”

“ಅವರಿಗೇ ಸರಿಯಾಗಿ ಗೊತ್ತಿರೋ ಹಾಗಿದೆ.” ಮೊದಲ ಬಾರಿಗೆ ಅವರ ಮುಖ ಸ್ವಲ್ಪ ಸಡಿಲಾಯಿತು. “ಮೂವತ್ತು ದಿನ ಬರೀತೇನೆ. ಹಳೆಯ ಆದೇಶ ರದ್ದು. ಪೈಪು ಸರಿ ಮಾಡಿಸಿ. ಇನ್ಸ್‌ಪೆಕ್ಟರ್ ಬಂದು ನೋಡ್ತಾರೆ. ಸರಿಯಿದ್ದರೆ ಲೈಸೆನ್ಸು, ಇಲ್ಲದಿದ್ದರೆ ಮುಚ್ಚಬೇಕಾಗುತ್ತದೆ. ಆಗ ನಾನೂ ಏನೂ ಮಾಡುವ ಹಾಗಿಲ್ಲ. ಹಿಂದಿನ ಶೆಡ್ಡಿನವರಿಗೂ ಬೇರೆ ನೋಟಿಸು ಹೋಗುತ್ತದೆ.” ಗುಮಾಸ್ತನಿಗೆ, “ಮೊದಲು ನೋಟಿಸು” ಎಂದು ಒತ್ತಿ ಹೇಳಿದರು.

ಒಟ್ಟು ಹದಿನೈದು ನಿಮಿಷ. ಹೊರಗೆ ಬಂದು ಮೆಟ್ಟಿಲ ಮೇಲೆ ಕೃಷ್ಣರಾಜ ಕುಳಿತುಬಿಟ್ಟ.

“ಏಳಿ, ಪೈಪ್ ತಕಂಬುಕ್ ಹೋಯ್ಕ್” ಎಂದಳು ಬೇಬಿ.

ಎರಡು ಭಾನುವಾರ ಅಂಗಡಿಯ ಹಿಂದೆ ಅಗೆತ ನಡೆಯಿತು. ಬಾಬು ತನ್ನ ಕಾರ್ಖಾನೆಯ ಇಬ್ಬರನ್ನು ಕರೆತಂದು, ತಾನೂ ಮಣ್ಣು ಹೊತ್ತ. ಕುಂಟುವ ಕಾಲಿನಲ್ಲೇ ಮಟ್ಟ ಹಿಡಿದು ನೋಡಿ, ಇಳಿಜಾರು ಸಾಲದು ಎಂದು ಹಾಕಿದ್ದ ಪೈಪನ್ನು ಮತ್ತೆ ಕೀಳಿಸಿದ. ಲೋಹ ಕಡೆಯುವವನಿಗೆ ಕೂದಲೆಳೆಯ ವ್ಯತ್ಯಾಸವೂ ಕಣ್ಣಿಗೆ ಚುಚ್ಚುತ್ತದೆ. ಇಪ್ಪತ್ತಮೂರನೆಯ ದಿನ ಇನ್ಸ್‌ಪೆಕ್ಟರ್ ಬಂದರು. ಓಣಿಯಲ್ಲಿ ನಿಂತು ಬರೆದುಕೊಂಡು ಹೋಗಿದ್ದವರೇ. ಈ ಸಲ ಒಳಗೆ ಬಂದು, ಪಾತ್ರೆ ತೊಳೆಯುವ ಕಟ್ಟೆಯ ಮುಂದೆ ನಿಂತು, ಒಂದು ಬಕೆಟ್ ನೀರು ಹೊಯ್ಯಿ ಎಂದರು. ಬೇಬಿ ಹೊಯ್ದಳು. ಎಲ್ಲರೂ ಓಡಿ ಓಣಿಗೆ ಬಂದು ನೆಲ ನೋಡಿದರು. ಅಂಗಡಿಯ ಕಡೆಯ ನೆಲ ಒಣಗಿಯೇ ಇತ್ತು. ಮುಖ್ಯ ಚರಂಡಿಯಲ್ಲಿ ಗುಳುಗುಳು ಎಂದಿತು. “ಇನ್ನೊಂದು ಬಕೆಟ್” ಎಂದರು. ಇನ್ನೊಂದೂ ಹೋಯಿತು. ಅಕ್ಟೋಬರ್ ಮುಗಿಯುವ ಮೊದಲು ಲೈಸೆನ್ಸು ಬಂತು, ಅವನದೇ ಹೆಸರಿನಲ್ಲಿ. ಬಾಬು ಅದನ್ನು ಮೊದಲಿನಿಂದ ಕಡೆಯವರೆಗೆ, ಮುದ್ರಣಾಲಯದ ಹೆಸರೂ ಸೇರಿ, ಎರಡು ಸಲ ಓದಿದ.

ಮಾರನೆಯ ದಿನ ಕೃಷ್ಣರಾಜ ಬೂದುಗುಂಬಳದ ಕಾಶಿಹಲ್ವ ಮಾಡಿದ. ತುಪ್ಪಕ್ಕೆ ಕೈ ಹಿಡಿಯಲಿಲ್ಲ. ಒಂದು ಸ್ಟೀಲ್ ಡಬ್ಬಿ ತುಂಬಿ, ಒಗೆದ ಪಂಚೆ ಉಟ್ಟು, ಸುಗುಣಾ ಅವರ ಕಚೇರಿಗೆ ಹೋದ. ಅರ್ಧ ಗಂಟೆಯಲ್ಲಿ ಡಬ್ಬಿಯ ಸಮೇತ ಹಿಂದಿರುಗಿದ. ಮುಖ ಇಳಿದಿತ್ತು.

“ತಕಂಡಿಲ್ಯಾ?” ಎಂದಳು ಬೇಬಿ.

“ಮುಚ್ಚಳ ತೆಗುಕೂ ಬಿಡ್ಲಿಲ್ಲೆ. ಇದ್ ಲಂಚ ಅಲ್ಲ, ಕೆಲ್ಸ ಆದ್ ಮೇಲೆ ತಂದದ್ ಅಂದೆ. ಕೆಲ್ಸ ಆದ್ ಮೇಲೆ ನೀವ್ ತಂದ್ರೆ, ನಿಮ್ಮನ್ ಕಂಡ್ ಮುಂದಿನವ್ರ್ ಕೆಲ್ಸಕ್ಕೆ ಮೊದ್ಲೇ ತತ್ರ್ ಅಂದ್ರ್.”

ಮೇಜಿನಲ್ಲಿದ್ದ ಮೌನ ಕೈ ತಟ್ಟಿ ನಕ್ಕಳು. “ಸರಿಯಾಗೇ ಹೇಳಿದ್ದಾರೆ! ಅವರು ನಿಮಗೇನು ಉಪಕಾರ ಮಾಡಿಲ್ಲ ಕೃಷ್ಣಣ್ಣ. ಕೇಳಿಸ್ಕೊಳ್ಳೋದು ಅವರ ಕೆಲಸ, ಹೇಳೋದು ನಿಮ್ಮ ಹಕ್ಕು. ಹಕ್ಕಿಗೆ ಯಾರಾದ್ರೂ ಥ್ಯಾಂಕ್ಸ್ ಹೇಳ್ತಾರಾ? ನಂಗೂ ಹೇಳ್ಬೇಡಿ. ಕಾನೂನಲ್ಲಿ ಇದ್ದಿದ್ದನ್ನ ಬರ್ದೆ.”

ಕೃಷ್ಣರಾಜ ಡಬ್ಬಿಯನ್ನು ಸದ್ದಾಗುವ ಹಾಗೆ ಅವಳ ಮುಂದಿಟ್ಟ. ಅವನು ಗಿರಾಕಿಗಳ ಮೇಲೆ ದನಿ ಎತ್ತುವವನಲ್ಲ. ಈಗ ಎತ್ತಿದ.

“ಕಾಣಿ ಮೇಡಮ್ರೆ, ನಾ ಓದ್ದವ ಅಲ್ಲ. ಹಕ್ಕ್ ಅಂಬುದ್ ಇತ್ತ್, ಒಪ್ಪ್‌ಕಂಡೆ. ನಿಮ್ ಪುಸ್ತಕದಾಗಿತ್ತ್. ಆ ಪುಸ್ತಕ ನಿಮ್ ಹಾಸ್ಟೆಲ್ ಬೀರಿನಂಗಿತ್ತ್. ನನ್ ಅಂಗಡಿಗೆ ಬೀಗ ಹಾಕುಕೆ ಎರಡ್ ದಿನ ಇಪ್ಪ ಹೊತ್ತಿಗೆ ಅದ್ ತನ್ನಷ್ಟಕ್ಕೆ ಎದ್ಕಂಡ್ ಬಂತಾ? ಬಾಬು ಓದ್ದ. ನೀವ್ ಬರ್ದ್ರಿ. ಆ ಅಮ್ಮ ಪೆನ್ನ್ ಹಿಡ್ಕಂಡ್ ಕಾದ್ರ್. ಒಬ್ರ್ ನಂಗೆಂತಕ್ಕೆ ಅಂದೇಳಿ ಸುಮ್ನಿದ್ರೂ ನಾ ಇವತ್ತ್ ಯಾರದ್ದೋ ಕಾವ್ಲಿ ಮುಂದೆ ನಿತ್ಕಂತಿದ್ದೆ. ಅದ್ಕೆ ಹೇಳುದ್. ಹಕ್ಕಿಗೆ ಅಲ್ಲ, ನಿಮ್ಗೆ.”

ಕಾವಲಿಯ ಮೇಲೆ ಎಣ್ಣೆ ಹೊಗೆಯಾಡುತ್ತಿತ್ತು. ಅವನು ತಿರುಗಿ ಅದಕ್ಕೆ ನೀರು ಚಿಮುಕಿಸಿದ. ಹೊರಗೆ ನಿಂತು ಕಾಫಿ ಕುಡಿಯುತ್ತಿದ್ದ ಬಾಬು, ತನ್ನ ಹೆಸರು ಕೇಳಿ, ಏನಂತೆ ಎಂದು ಇಣುಕಿದ. ಯಾರೂ ಅವನಿಗೆ ತಿರುಗಿಸಿ ಹೇಳಲಿಲ್ಲ.

ಮೌನ ಗೈಡನ್ನು ಚೀಲದೊಳಗೆ ಹಾಕಿದಳು. ಡಬ್ಬಿಯ ಮುಚ್ಚಳದ ಮೇಲೆ ಬೆರಳಾಡಿಸಿದಳು.

“ಸರಿ ಅಣ್ಣ” ಎಂದಳು. “ತಗೊಂಡೆ. ಆ ಮೇಡಂ ಪಾಲಿನದ್ದೂ ನಂಗೇ ಹಾಕಿ.”

“ಅಷ್ಟ್ ಹೇಳುಕೆ ಇಷ್ಟ್ ಹೊತ್ತ್ ಬೇಕಾಯ್ತಾ ಹೆಣ್ಣೆ ನಿಂಗೆ” ಎಂದು ಬೇಬಿ ಚಮಚ ತಂದಳು. “ಅವ್ರ ಪಾಲ್ ಬಾಬುಗೆ. ಅವ ಮಣ್ಣ್ ಹೊತ್ತದ್.”